ಡ್ರೋನ್ ಫ್ಯಾನು ಮುರಿಯುವ ಮುನ್ನ: ಪ್ರೊಪೆಲ್ಲರ್ ಮತ್ತು ಹೊರಗಿನ ಸ್ಪೇರ್ ಪಾರ್ಟ್ಸ್ ಬಗ್ಗೆ ಸಮಗ್ರ ಮಾರ್ಗದರ್ಶಿ

ನನ್ನ ಮೇಜಿನ ಮೇಲೆ ಒಂದು ಸಣ್ಣ ಪ್ಲಾಸ್ಟಿಕ್ ಕವರ್ ಇದೆ. ಅದರೊಳಗೆ ಮುರಿದ ಪ್ರೊಪೆಲ್ಲರ್ ಬ್ಲೇಡ್. ಅಂಚಿನಲ್ಲಿ ಒಂದು ಗೀರೂ ಇಲ್ಲ. ತುದಿಯೂ ನೆಟ್ಟಗಿದೆ. ಮುರಿದಿರುವುದು ಬುಡದಲ್ಲಿ, ಸ್ಕ್ರೂ ಕೂರುವ ತೂತಿನ ಪಕ್ಕದಲ್ಲಿ. ಅಲ್ಲಿ ಅರ್ಧಚಂದ್ರದ ಹಾಗೆ ಒಂದು ತುಂಡು ಕಿತ್ತುಹೋಗಿದೆ. ಕಿತ್ತ ಜಾಗದ ಸುತ್ತ ಪ್ಲಾಸ್ಟಿಕ್ ಬಿಳಿಚಿಕೊಂಡಿದೆ.

ಸೂಳೆಕೆರೆ ಏರಿಯ ಮೇಲೆ ಬಿದ್ದ ನನ್ನ ಡ್ರೋನಿನ ಬ್ಲೇಡ್ ಇದು. ಮದುವೆಗೆ ಮುಂಚಿನ ಶೂಟಿಂಗ್ ನಡೆದಿತ್ತು. ಹುಡುಗ, ಹುಡುಗಿ ಏರಿಯ ಮೇಲೆ ನಡೆದು ಬರುತ್ತಿದ್ದರು. ಡ್ರೋನ್ ಸುಮಾರು 20 ಮೀಟರ್ ಎತ್ತರದಲ್ಲಿತ್ತು. 'ಟಕ್' ಅಂತ ಒಂದು ಸದ್ದು ಕೇಳಿತು, ಅಷ್ಟೇ. ಡ್ರೋನ್ ಬುಗುರಿಯ ಹಾಗೆ ಸುತ್ತುತ್ತಾ ಬಂದು ಕಲ್ಲಿನ ಮೇಲೆ ಅಪ್ಪಳಿಸಿತು. ಆ ಇಬ್ಬರಿಂದ ಏಳೆಂಟು ಅಡಿ ದೂರ. ಆ ದಿನ ನನ್ನ ಕೈ ನಡುಗಿದ್ದು ಡ್ರೋನ್ ಹೋಯಿತಲ್ಲ ಅಂತಲ್ಲ. ಆ ಹುಡುಗಿಯ ಮುಖ ನೋಡಿ.

ನಾಲ್ಕು ದಿನ ಮುಂಚೆ ಒಂದು ಬ್ಲೇಡ್ ಬದಲಾಯಿಸಿದ್ದೆ. ಒಂದೇ ಒಂದು. ಅಂಗಡಿಯಲ್ಲಿ ಸಿಕ್ಕ ಕಡಿಮೆ ಬೆಲೆಯ ಮಾಲು, ಹಳೆಯ ಸ್ಕ್ರೂ. ಹಿಂದಿನ ದಿನದ ವಿಡಿಯೋದಲ್ಲಿ ಚಿತ್ರ ನೀರಿನ ಹಾಗೆ ಅಲುಗಾಡಿದ್ದನ್ನು ಕಂಡಿದ್ದೆ. ಗಾಳಿ ಇರಬೇಕು ಅಂದುಕೊಂಡು ಸುಮ್ನೆ ಬಿಟ್ಟಿದ್ದೆ. ಆಮೇಲೆ ಕೂತು ಕಲಿತದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ದಾವಣಗೆರೆ, ಚಿತ್ರದುರ್ಗದ ಕಡೆ ಮದುವೆಗೆ ಡ್ರೋನ್ ಹಾರಿಸುವವರು, ಹೊಲಕ್ಕೆ ಎಣ್ಣೆ (ಕೀಟನಾಶಕ ಔಷಧಿ) ಹೊಡೆಯುವವರು ಇದನ್ನು ಒಮ್ಮೆ ಪೂರ್ತಿ ಓದಿ. ನಮ್ಮ ಹುಡುಗರು ಪ್ರೊಪೆಲ್ಲರನ್ನು ಫ್ಯಾನು ಅಂತಲೇ ಕರೆಯುತ್ತಾರೆ. ಇಲ್ಲಿ ಎರಡೂ ಮಾತು ಬರುತ್ತವೆ. ಒಂದು ಮೋಟರಿನ ಮೇಲೆ ಕೂರುವ ಎರಡು ಬ್ಲೇಡ್ ಸೇರಿದರೆ ಒಂದು ಫ್ಯಾನು.

ಒಂದು ಫ್ಯಾನು ಹೋದರೆ ಇಡೀ ಡ್ರೋನ್ ಯಾಕೆ ಬೀಳುತ್ತದೆ

ನಾಲ್ಕು ಮೋಟರಿನ ಡ್ರೋನಿಗೆ ಹೆಚ್ಚುವರಿ ಮೋಟರ್ ಅಂತ ಒಂದೂ ಇಲ್ಲ. ಎದುರುಬದುರು ಮೂಲೆಯ ಎರಡು ಮೋಟರ್ ಒಂದು ದಿಕ್ಕಿಗೆ, ಉಳಿದೆರಡು ಇನ್ನೊಂದು ದಿಕ್ಕಿಗೆ ತಿರುಗುತ್ತವೆ. ಹಾಗಾಗಿಯೇ ಡ್ರೋನ್ ಗಾಳಿಯಲ್ಲಿ ಸುತ್ತದೆ ನೆಟ್ಟಗೆ ನಿಲ್ಲುತ್ತದೆ. ಒಂದು ಮೂಲೆಯ ಫ್ಯಾನು ಹೋದರೆ ಎತ್ತುವ ಬಲವೂ ಹೋಯಿತು, ಈ ಸಮತೋಲವೂ ಹೋಯಿತು. ಅದಕ್ಕೇ ಅದು ಬುಗುರಿಯಂತೆ ಸುತ್ತುತ್ತಾ ಬೀಳುವುದು. ಆರು ಮೋಟರಿನ ಸ್ಪ್ರೇ ಡ್ರೋನ್ ಒಂದು ಮೋಟರ್ ಹೋದರೂ ಕೆಲವೊಮ್ಮೆ ಇಳಿದುಕೊಳ್ಳುತ್ತದೆ. ಟ್ಯಾಂಕ್ ತುಂಬಿದಾಗ ಅದನ್ನು ನಂಬಿ ಹಾರಿಸಬೇಡಿ.

ಈಗ ಒಂದು ಸಣ್ಣ ಲೆಕ್ಕ. ಇದನ್ನು ಮಾಡಿದ ಮೇಲೆ ನಾನು ಬ್ಲೇಡ್ ನೋಡುವ ರೀತಿಯೇ ಬದಲಾಯಿತು. ಬ್ಲೇಡಿನ ತೂಕ 1 ಗ್ರಾಂ ಅಂದುಕೊಳ್ಳಿ. ಅದರ ಭಾರದ ನಡುಬಿಂದು ಮೋಟರಿನ ನಡುವಿನಿಂದ 3 ಸೆಂ.ಮೀ. ದೂರದಲ್ಲಿದೆ, ಮೋಟರ್ ನಿಮಿಷಕ್ಕೆ 9000 ಸುತ್ತು ತಿರುಗುತ್ತಿದೆ. ಆಗ ಆ ಬ್ಲೇಡ್ ತನ್ನ ಸ್ಕ್ರೂವನ್ನು ಹೊರಕ್ಕೆ ಎಳೆಯುವ ಬಲ ಸುಮಾರು 2.7 ಕೆಜಿ ತೂಕದಷ್ಟು. 1 ಗ್ರಾಂ ಪ್ಲಾಸ್ಟಿಕ್ಕಿನ ಬುಡಕ್ಕೆ ಎರಡೂವರೆ ಕೆಜಿಗಿಂತ ಜಾಸ್ತಿ ತೂಕ ನೇತು ಹಾಕಿದ ಹಾಗೆ! ಸ್ಕ್ರೂ ತೂತಿನ ಪಕ್ಕದ ಒಂದೆರಡು ಮಿಲಿಮೀಟರ್ ಪ್ಲಾಸ್ಟಿಕ್ ಅಷ್ಟನ್ನೂ ಹಿಡಿದುಕೊಂಡಿರಬೇಕು. ಬ್ಲೇಡಿನ ತುದಿ ಆಗ ಓಡುತ್ತಿರುವುದು ಗಂಟೆಗೆ 200 ಕಿ.ಮೀ. ವೇಗದಲ್ಲಿ.

ಸ್ಪ್ರೇ ಡ್ರೋನಿನದು ಇನ್ನೂ ದೊಡ್ಡದು. 60 ಗ್ರಾಂ ಬ್ಲೇಡ್, ನಡುಬಿಂದು 20 ಸೆಂ.ಮೀ. ದೂರ, ನಿಮಿಷಕ್ಕೆ 3000 ಸುತ್ತು ಅಂತ ಹಿಡಿಯಿರಿ. ಎಳೆತ ಸುಮಾರು 120 ಕೆಜಿ. ಒಂದು ಕ್ವಿಂಟಲ್ ಮೆಕ್ಕೆಜೋಳದ ಚೀಲವನ್ನು ಆ ಒಂದು ಬೋಲ್ಟಿಗೆ ಕಟ್ಟಿ, ಮೇಲೆ ಇನ್ನೂ 20 ಕೆಜಿ ಸೇರಿಸಿದಂತೆ.

ಮೊದಲ ಹೆಜ್ಜೆ: ನಿಮ್ಮ ಬ್ಲೇಡ್ ಯಾವುದು ಅಂತ ತಿಳಿದುಕೊಳ್ಳಿ

ಬ್ಲೇಡಿನ ಮೇಲೆ ಸಣ್ಣದಾಗಿ ಒಂದು ಅಂಕಿ ಇರುತ್ತದೆ. ಡಿಜೆಐ ಕಂಪನಿಯ ಮಿನಿ 2 ಡ್ರೋನಿಗೆ 4726. ಮಾವಿಕ್ ಏರ್ 2ಕ್ಕೆ 7238. ಹಳೆಯ ಫ್ಯಾಂಟಮ್ ಡ್ರೋನುಗಳಲ್ಲಿ 9450 ನೋಡಿರುತ್ತೀರಿ. ಮೊದಲ ಎರಡು ಅಂಕಿ ಪ್ರೊಪೆಲ್ಲರಿನ ಅಗಲ. 47 ಅಂದರೆ 4.7 ಇಂಚು. ಕೊನೆಯ ಎರಡು ಅಂಕಿ ಪಿಚ್. 26 ಅಂದರೆ 2.6 ಇಂಚು. ಸ್ಕ್ರೂ ಮರದೊಳಗೆ ಒಂದು ಸುತ್ತಿಗೆ ಇಷ್ಟು ಅಂತ ಇಳಿಯುತ್ತದಲ್ಲ, ಹಾಗೆ ಗಾಳಿಯೊಳಗೆ ಒಂದು ಸುತ್ತಿಗೆ ಇಷ್ಟು ಮುಂದೆ ಹೋಗಬೇಕು ಅನ್ನುವ ಲೆಕ್ಕ ಅದು.

ಅಗಲ ಒಂದೇ ಇದ್ದು ಪಿಚ್ ಬೇರೆ ಇದ್ದರೂ ಬ್ಲೇಡ್ ಕೂರುತ್ತದೆ. ಡ್ರೋನ್ ಏಳುತ್ತದೆ ಕೂಡ. ತೊಂದರೆ ಇರುವುದೇ ಅಲ್ಲಿ. ಒಂದು ಮೂಲೆಯಲ್ಲಿ ಪಿಚ್ ಜಾಸ್ತಿ ಇದ್ದರೆ ಉಳಿದ ಮೋಟರುಗಳು ಅದಕ್ಕೆ ಹೊಂದಿಕೊಳ್ಳಲು ಹೆಣಗುತ್ತಾ ಇರುತ್ತವೆ. ಸುಮ್ನೆ ನಿಂತಾಗ ಗೊತ್ತಾಗುವುದಿಲ್ಲ. ಜೋರು ಗಾಳಿಗೆ ಸಿಕ್ಕಾಗ ಗೊತ್ತಾಗುತ್ತದೆ.

ಇನ್ನು ದಿಕ್ಕು. ಮಿನಿ ಡ್ರೋನುಗಳಲ್ಲಿ ಕೆಲವು ಬ್ಲೇಡಿನ ಮೇಲೆ ಗುರುತು ಇರುತ್ತದೆ, ಕೆಲವಕ್ಕೆ ಇರುವುದಿಲ್ಲ. ಗುರುತಿರುವ ಬ್ಲೇಡ್ ಗುರುತಿರುವ ತೋಳಿಗೆ (ಮೋಟರ್ ಕೂತಿರುವ ಕಡ್ಡಿಗೆ), ಗುರುತಿಲ್ಲದ್ದು ಗುರುತಿಲ್ಲದ ತೋಳಿಗೆ. ಡೂಪ್ಲಿಕೇಟ್ ಬ್ಲೇಡಿನಲ್ಲಿ ಎಷ್ಟೋ ಸಲ ಈ ಗುರುತೇ ಇರುವುದಿಲ್ಲ, ಇದ್ದರೂ ಒಂದೆರಡು ದಿನಕ್ಕೆ ಅಳಿಸುತ್ತದೆ. ಆಗ ಬ್ಲೇಡನ್ನು ಅಡ್ಡಲಾಗಿ ಹಿಡಿದು ನೋಡಿ. ಒಂದು ಅಂಚು ದಪ್ಪ, ದುಂಡಗೆ. ಇನ್ನೊಂದು ತೆಳು. ತಿರುಗುವಾಗ ದಪ್ಪ ಅಂಚು ಮುಂದೆ ಹೋಗಬೇಕು. ಉಲ್ಟಾ ಹಾಕಿದರೆ ಡ್ರೋನ್ ಏಳುವಾಗಲೇ ಮಗುಚುತ್ತದೆ.

ಎರಡನೇ ಹೆಜ್ಜೆ: ಕೊಳ್ಳುವಾಗ

ನಮ್ಮಲ್ಲಿ ಡೂಪ್ಲಿಕೇಟ್ ಮಾಲು ಇಷ್ಟು ಹರಡಲು ಒಂದು ಕಾರಣ ಇದೆ. 2022ರ ಫೆಬ್ರವರಿ 9ರಿಂದ ವಿದೇಶದ ರೆಡಿಮೇಡ್ ಡ್ರೋನುಗಳ ಆಮದಿಗೆ ನಿಷೇಧ ಬಂತು. ಬಿಡಿಭಾಗಗಳ ಆಮದಿಗೆ ನಿಷೇಧ ಇಲ್ಲ. ಮದುವೆ ಶೂಟಿಂಗಿನವರ ಕೈಯಲ್ಲಿರುವುದು ಹೆಚ್ಚಾಗಿ ಹಳೆಯ ವಿದೇಶಿ ಡ್ರೋನುಗಳೇ. ಅವನ್ನೇ ರಿಪೇರಿ ಮಾಡಿಕೊಂಡು ಹಾರಿಸುತ್ತಾ ಇದ್ದೇವೆ. ಬಿಡಿಭಾಗಗಳಿಗೆ ಗಿರಾಕಿ ಇದ್ದೇ ಇದ್ದಾರೆ, ಹಾಗಾಗಿ ಒಳ್ಳೆಯದೂ ಬರುತ್ತದೆ, ಕೆಟ್ಟದ್ದೂ ಬರುತ್ತದೆ. ಡಬ್ಬಿ ಮಾತ್ರ ಎರಡಕ್ಕೂ ಒಂದೇ ಥರ.

ಹೊರಗಿನ ಮಾಲೆಲ್ಲ, ಅಂದರೆ ಡ್ರೋನ್ ಕಂಪನಿಯವರೇ ಮಾಡದ್ದೆಲ್ಲ, ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಹೆಸರಿರುವ ಪ್ರೊಪೆಲ್ಲರ್ ತಯಾರಕರು ಇದ್ದಾರೆ, ರೇಸಿಂಗ್ ಡ್ರೋನಿನವರು ಅವರ ಮಾಲನ್ನೇ ಬಳಸುತ್ತಾರೆ. ಆದರೆ ಡಬ್ಬಿಯ ಮೇಲೆ ಯಾರ ಹೆಸರೂ ಇಲ್ಲದ ಬ್ಲೇಡನ್ನು ಮಾತ್ರ ನಾನು ಈಗ ಮುಟ್ಟುವುದಿಲ್ಲ. ಕಂಪನಿಯ ಬ್ಲೇಡ್ ಸಿಗುತ್ತದೆ ಅಂದರೆ ನಾಲ್ಕು ದಿನ ಕಾಯುತ್ತೇನೆ.

ಕೈಗೆ ಬಂದ ಬ್ಲೇಡ್ ನೋಡುವ ಬಗೆ ಹೀಗೆ. ಮೊದಲು ಸ್ಕ್ರೂ ತೂತು. ಅದು ನುಣ್ಣಗೆ, ಸರಿಯಾಗಿ ದುಂಡಗಿರಬೇಕು. ತೂತಿನ ಅಂಚಿನಲ್ಲಿ ಪ್ಲಾಸ್ಟಿಕ್ ಎಳೆ ಎದ್ದಿದ್ದರೆ, ತೂತು ಒಂದು ಕಡೆ ಸರಿದಿದ್ದರೆ ಬೇಡ. ಆಮೇಲೆ ಅಂಚು. ಅಚ್ಚಿನಿಂದ ತೆಗೆಯುವಾಗ ಉಳಿದ ಸಿಬರು ಬೆರಳಿಗೆ ಸಿಕ್ಕಿದರೆ ಅದೂ ಬೇಡ. ಕತ್ತರಿಯಲ್ಲಿ ಕತ್ತರಿಸಿ ಸರಿ ಮಾಡುತ್ತೇನೆ ಅನ್ನಬೇಡಿ, ತೂಕ ಕೆಡುತ್ತದೆ.

ತೂಕದ ಮಾತು ಬಂತು, ಇದಕ್ಕೆ ಸ್ವಲ್ಪ ಹೊತ್ತು ಕೊಡಿ. 0.01 ಗ್ರಾಂ ತೋರಿಸುವ ಸಣ್ಣ ತಕ್ಕಡಿ ಬೇಕು. ಇಲ್ಲವಾದರೆ ಪರಿಚಯದ ಚಿನ್ನದ ಕೆಲಸದವರ ಹತ್ತಿರ ಹೋಗಿ. ನಾನು ಮೊದಲ ಸಲ ಹಾಗೇ ಮಾಡಿದ್ದು. ಉಂಗುರ ತೂಗುವ ತಟ್ಟೆಯಲ್ಲಿ ಎಂಟು ಬ್ಲೇಡುಗಳನ್ನು ಒಂದೊಂದಾಗಿ ಇಟ್ಟೆವು. ಕಂಪನಿಯ ಜೋಡಿಗಳಲ್ಲಿ ಕೊನೆಯ ಅಂಕಿಯಲ್ಲೂ ಹೆಚ್ಚುಕಮ್ಮಿ ಬರಲಿಲ್ಲ. ಕಡಿಮೆ ಬೆಲೆಯ ಜೋಡಿಯಲ್ಲಿ ಒಂದಕ್ಕೂ ಇನ್ನೊಂದಕ್ಕೂ 0.05 ಗ್ರಾಂ ವ್ಯತ್ಯಾಸ. 'ಅಯ್ಯೋ, ಇದು ಏನೂ ಅಲ್ಲ ಬಿಡಿ ಅಣ್ಣ' ಅಂದರು ಅವರು. ಅಂಗಡಿಯಲ್ಲಿ ಕೂತರೆ ಹೌದು, ಏನೂ ಅಲ್ಲ. ಆದರೆ ಮೇಲಿನ ಲೆಕ್ಕವನ್ನೇ ಹಾಕಿ. ಆ 0.05 ಗ್ರಾಂ ಡ್ರೋನಿನ ತೋಳನ್ನು ಸುಮಾರು 135 ಗ್ರಾಂ ತೂಕದ ಬಲದಿಂದ ಎಳೆಯುತ್ತದೆ, ಅದೂ ಸೆಕೆಂಡಿಗೆ 150 ಸಲ. ಇಡೀ ಮಿನಿ ಡ್ರೋನಿನ ತೂಕವೇ 249 ಗ್ರಾಂ. ಒಂದೇ ಮೋಟರಿನ ಎರಡು ಬ್ಲೇಡುಗಳ ನಡುವೆ 0.02 ಗ್ರಾಂಗಿಂತ ಜಾಸ್ತಿ ವ್ಯತ್ಯಾಸ ಕಂಡರೆ ನಾನು ಆ ಜೋಡಿಯನ್ನು ಹಾಕುವುದಿಲ್ಲ. ಇದು ಪುಸ್ತಕದ ನಿಯಮ ಅಲ್ಲ, ನಾನು ಹಾಕಿಕೊಂಡ ಗೆರೆ.

ಬಣ್ಣದ ಬ್ಲೇಡ್ ಬಗ್ಗೆ ಒಂದು ಮಾತು. ಬಣ್ಣ ಬೆರೆಸಿಯೇ ಅಚ್ಚು ಹಾಕಿದ್ದರೆ ಪರವಾಗಿಲ್ಲ. ಮೇಲೆ ಸ್ಪ್ರೇ ಪೇಂಟ್ ಹೊಡೆದದ್ದು ಬೇಡ. ಪೇಂಟ್ ಎಲ್ಲ ಕಡೆ ಒಂದೇ ದಪ್ಪಕ್ಕೆ ಕೂರುವುದಿಲ್ಲ, ಮೇಲಾಗಿ ಬಿರುಕನ್ನು ಮುಚ್ಚುತ್ತದೆ. ಸಣ್ಣ ಡ್ರೋನಿಗೆ ಕಾರ್ಬನ್ ಫ್ಯಾನು ಹಾಕಿಸಿದರೆ ಗಟ್ಟಿ ಅಂತ ಅಂಗಡಿಯಲ್ಲಿ ಹೇಳುತ್ತಾರೆ. ಗಟ್ಟಿ ನಿಜ. ಆದರೆ ಅದು ಬಾಗುವುದಿಲ್ಲ. ಏನಾದರೂ ತಗುಲಿದರೆ ಪೆಟ್ಟು ನೇರ ಮೋಟರಿಗೆ ಹೋಗುತ್ತದೆ, ಮನುಷ್ಯರ ಕೈಗೆ ತಗುಲಿದರೆ ಗಾಯವೂ ಜಾಸ್ತಿ. ಪ್ಲಾಸ್ಟಿಕ್ಕಿಗೆ ಅಂತ ಮಾಡಿದ ಡ್ರೋನಿಗೆ ಪ್ಲಾಸ್ಟಿಕ್ಕೇ ಇರಲಿ.

ಮೂರನೇ ಹೆಜ್ಜೆ: ಕೂರಿಸುವುದು

ಬ್ಯಾಟರಿ ತೆಗೆದಿಡಿ. ಆಮೇಲೆ ಕೆಲಸ ಶುರು ಮಾಡಿ.

ಒಂದು ಬ್ಲೇಡ್ ಕೆಟ್ಟರೂ ಆ ಮೋಟರಿನ ಎರಡೂ ಬ್ಲೇಡುಗಳನ್ನು ಬದಲಾಯಿಸಿ. ನಾನು ಮಾಡಿದ ಮೊದಲ ತಪ್ಪು ಅದೇ. ಹಳೆಯದು ಸವೆದಿರುತ್ತದೆ, ಹೊಸದು ಸವೆದಿರುವುದಿಲ್ಲ, ತೂಕ ಹೊಂದುವುದಿಲ್ಲ. ಸ್ಕ್ರೂಗಳನ್ನೂ ಬದಲಾಯಿಸಿ. ಕಂಪನಿಯ ಪ್ಯಾಕೆಟ್ಟಿನಲ್ಲಿ ಬ್ಲೇಡಿನ ಜೊತೆ ಹೊಸ ಸ್ಕ್ರೂ ಕೊಡುವುದು ಸುಮ್ನೆ ಅಲ್ಲ. ಅದರ ಥ್ರೆಡ್ಡಿನ ಮೇಲೆ ಒಂದು ಬಗೆಯ ಒಣ ಅಂಟು ಬಳಿದಿರುತ್ತಾರೆ. ನಡುಕಕ್ಕೆ ಸ್ಕ್ರೂ ಸಡಿಲ ಆಗದ ಹಾಗೆ ಅದು ಹಿಡಿಯುತ್ತದೆ. ಒಮ್ಮೆ ಬಿಚ್ಚಿದರೆ ಆ ಹಿಡಿತ ಹೋಯಿತು.

ಹಾಗಾದರೆ ಥ್ರೆಡ್ ಲಾಕರ್ ದ್ರಾವಣ ಒಂದು ಹನಿ ಬಿಡೋಣ ಅನ್ನಿಸಬಹುದು. ಬೈಕ್ ಗ್ಯಾರೇಜಿನಲ್ಲಿ ಸಿಗುತ್ತದೆ, ಲೋಹಕ್ಕೆ ಲೋಹ ಕೂರುವ ಕಡೆ ಬಹಳ ಒಳ್ಳೆಯದು. ಆದರೆ ಅದು ಕೆಲವು ಪ್ಲಾಸ್ಟಿಕ್ಕುಗಳನ್ನು, ಅದರಲ್ಲೂ ಪಾಲಿಕಾರ್ಬೊನೇಟನ್ನು ಒಳಗೊಳಗೇ ಬಿರುಕು ಬಿಡಿಸುತ್ತದೆ. ಬ್ಲೇಡಿನ ಬುಡಕ್ಕೆ ಅದು ಇಳಿದರೆ ನೀವೇ ಬಿರುಕನ್ನು ತಂದುಕೊಂಡಂತೆ. ಫೆವಿಕ್ವಿಕ್ ಕೂಡ ಬೇಡವೇ ಬೇಡ. ಬಿರುಕಿಗೆ ಫೆವಿಕ್ವಿಕ್ ಹಾಕಿ ಹಾರಿಸಿದವರನ್ನು ನೋಡಿದ್ದೇನೆ. ಆ ಅಂಟು ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ, ಬಾಗದೆ ಮುರಿಯುತ್ತದೆ. ಬ್ಲೇಡ್ ಒರೆಸಲು ಥಿನ್ನರ್, ಪೆಟ್ರೋಲ್ ಕೂಡ ಮುಟ್ಟಿಸಬೇಡಿ. ಒದ್ದೆ ಬಟ್ಟೆ ಸಾಕು.

ಸ್ಕ್ರೂಡ್ರೈವರ್ ಡ್ರೋನಿನ ಜೊತೆ ಬಂದದ್ದೇ ಇರಲಿ. ಅಳತೆ ಹೊಂದದ ಸ್ಕ್ರೂಡ್ರೈವರಿನಿಂದ ತಲೆ ಸವೆದ ಸ್ಕ್ರೂ ಆಮೇಲೆ ಬಿಚ್ಚಲೂ ಬರುವುದಿಲ್ಲ. ಎರಡು ಬೆರಳಿನಲ್ಲಿ ಹಿಡಿದು ತಿರುಗಿಸಿ. ಸ್ಕ್ರೂ ತಲೆ ಕೂತು ನಿಂತಿತು ಅನ್ನಿಸಿದ ಕೂಡಲೇ ಇನ್ನೊಂದು ಸಣ್ಣ ಒತ್ತು, ಅಲ್ಲಿಗೆ ನಿಲ್ಲಿಸಿ. ಭದ್ರವಾಗಲಿ ಅಂತ ಮುಷ್ಟಿ ಹಿಡಿದು ತಿರುಗಿಸಿದರೆ ಬುಡದ ಪ್ಲಾಸ್ಟಿಕ್ ಸೀಳುತ್ತದೆ, ಇಲ್ಲವೇ ಮೋಟರಿನ ಥ್ರೆಡ್ ಸ್ಲಿಪ್ ಆಗುತ್ತದೆ. ಮಡಚುವ ಬ್ಲೇಡ್ ಆದರೆ ಸ್ಕ್ರೂ ಕೂತ ಮೇಲೂ ಬೆರಳು ತಾಗಿಸಿದರೆ ಸರಾಗವಾಗಿ ಆಡಬೇಕು. ಮೇಲಕ್ಕೂ ಕೆಳಕ್ಕೂ ಮಾತ್ರ ಲೊಡಲೊಡ ಅನ್ನಬಾರದು.

ಥ್ರೆಡ್ ಸ್ಲಿಪ್ ಆದರೆ ಸ್ವಲ್ಪ ಉದ್ದದ ಸ್ಕ್ರೂ ಹಾಕಿ ಹೊಂದಿಸುವ ಅಭ್ಯಾಸ ಕೆಲವರಿಗೆ ಇದೆ. ಬೇಡ. ಉದ್ದದ ಸ್ಕ್ರೂ ಒಳಗೆ ಮೋಟರಿನ ತಾಮ್ರದ ತಂತಿಗೆ ತಾಗಬಹುದು. ತಾಗಿದರೆ ಶಾರ್ಟ್ ಆಗಿ ಮೋಟರೇ ನಿಲ್ಲುತ್ತದೆ, ಗಾಳಿಯಲ್ಲೇ. ಮೋಟರ್ ಅಥವಾ ತೋಳನ್ನು ಬದಲಾಯಿಸಿ.

ನಾಲ್ಕನೇ ಹೆಜ್ಜೆ: ಹಾರಿಸುವ ಮುನ್ನ ಬೆರಳು, ಕಣ್ಣು, ಕಿವಿ

ಇದಕ್ಕೆ ಐದು ನಿಮಿಷ ಸಾಕು.

ಪ್ರತಿ ಬ್ಲೇಡಿನ ಗಾಳಿ ಸೀಳುವ ಅಂಚಿನ ಮೇಲೆ ಉಗುರನ್ನು ಬುಡದಿಂದ ತುದಿಯವರೆಗೆ ಮೆಲ್ಲಗೆ ಎಳೆಯಿರಿ. ಎಲ್ಲಾದರೂ ಉಗುರು ತಡೆದರೆ ಅಲ್ಲಿ ಕಚ್ಚು ಬಿದ್ದಿದೆ. ಅನುಮಾನ ಇದ್ದರೆ ಸ್ವಲ್ಪ ಹತ್ತಿ ತೆಗೆದು ಅಂಚಿನ ಮೇಲೆ ಸವರಿ. ಕಣ್ಣಿಗೆ ಕಾಣದ ಕಚ್ಚಿಗೂ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ಬ್ಲೇಡನ್ನು ಬಿಸಿಲಿಗೆ ಹಿಡಿದು ಮೆಲ್ಲಗೆ ಬಾಗಿಸಿ. ಬಿರುಕು ಇದ್ದರೆ ಬಾಗಿದಾಗ ಬಾಯಿ ಬಿಡುತ್ತದೆ, ಬಿಳಿ ಗೆರೆ ಕಾಣುತ್ತದೆ. ಬುಡವನ್ನು ಮರೆಯಬೇಡಿ. ಹೆಚ್ಚಿನವರು ತುದಿಯನ್ನು ನೋಡಿ ಬಿಡುತ್ತಾರೆ. ನನ್ನದು ಮುರಿದದ್ದು ಬುಡದಲ್ಲಿ.

ಮೋಟರನ್ನು ಕೈಯಲ್ಲಿ ತಿರುಗಿಸಿ. ಕರಕರ ಅಂದರೆ ಒಳಗೆ ಮರಳು ಹೋಗಿದೆ. ಚಿಕ್ಕವರಿದ್ದಾಗ ಮ್ಯಾಗ್ನೆಟ್ಟಿಗೆ ದಾರ ಕಟ್ಟಿ ಹಳ್ಳದ ಮರಳಿನಲ್ಲಿ ಎಳೆದು ಆಡಿದ್ದೇವೆ, ಅಲ್ವಾ? ಕಪ್ಪು ಪುಡಿ ಗಡ್ಡದ ಹಾಗೆ ಅಂಟಿಕೊಳ್ಳುತ್ತಿತ್ತು. ಡ್ರೋನ್ ಮೋಟರಿನೊಳಗೂ ಬಲವಾದ ಮ್ಯಾಗ್ನೆಟ್ಟುಗಳಿವೆ. ನೆಲದ ಮೇಲೆ ನೇರವಾಗಿ ಇಳಿಸಿದರೆ ಅದೇ ಕಪ್ಪು ಪುಡಿಯನ್ನು ಎಳೆದುಕೊಳ್ಳುತ್ತವೆ. ಭೀಮಸಮುದ್ರದ ಕಡೆ, ಅದಿರು ಲಾರಿ ಓಡಾಡುವ ರಸ್ತೆಗಳ ಪಕ್ಕ ಹಾರಿಸುವವರು ಇನ್ನೂ ಹುಷಾರಾಗಿರಿ. ಒಂದು ಟಾರ್ಪಾಲ್ ತುಂಡು ಹಾಸಿ, ಅದರ ಮೇಲಿಂದ ಏರಿಸಿ, ಅದರ ಮೇಲೇ ಇಳಿಸಿ.

ಬೇಸಿಗೆಯಲ್ಲಿ ಡ್ರೋನನ್ನು ಮುಚ್ಚಿದ ಕಾರಿನೊಳಗೆ ಬಿಡಬೇಡಿ. ಬ್ಲೇಡ್ ಬ್ಯಾಗಿನಲ್ಲಿ ಸೊಟ್ಟಗೆ ಒತ್ತಿಕೊಂಡಿದ್ದರೆ ಆ ಬಿಸಿಗೆ ಹಾಗೇ ಸೊಟ್ಟ ಕೂತುಬಿಡುತ್ತದೆ. ನೋಡಿದರೆ ಗೊತ್ತಾಗುವುದಿಲ್ಲ. ಸಮತಟ್ಟಾದ ಗಾಜಿನ ಮೇಲೆ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿ, ಗೊತ್ತಾಗುತ್ತದೆ.

ಐದನೇ ಹೆಜ್ಜೆ: ಬಯಲಿನಲ್ಲಿ ಪರೀಕ್ಷೆ

ಚಳ್ಳಕೆರೆಯ ಹತ್ತಿರ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದವರ ವೈಮಾನಿಕ ಪರೀಕ್ಷಾ ಕೇಂದ್ರ ಇದೆ. 2017ರಲ್ಲಿ ಶುರುವಾದದ್ದು. ಪೈಲಟ್ ಇಲ್ಲದ ದೊಡ್ಡ ವಿಮಾನಗಳನ್ನು ಅಲ್ಲಿ ಹಾರಿಸಿ ನೋಡುತ್ತಾರೆ. ಹಾಗೆ ಪರೀಕ್ಷೆಗೆ ಹಾರಿಸಿದ್ದು 2019ರ ಸೆಪ್ಟೆಂಬರಿನಲ್ಲಿ ಜೋಡಿಚಿಕ್ಕೇನಹಳ್ಳಿ ಹತ್ತಿರ, 2023ರ ಆಗಸ್ಟಿನಲ್ಲಿ ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಹತ್ತಿರ ಬಿದ್ದದ್ದು ನಮ್ಮ ಕಡೆಯವರಿಗೆಲ್ಲ ನೆನಪಿದೆ. ಎರಡೂ ಸಲ ಬಿದ್ದದ್ದು ಹೊಲದಲ್ಲಿ. ಅಷ್ಟು ದೊಡ್ಡ ಸಂಸ್ಥೆಯವರೇ ಹೊಸದನ್ನು ಪರೀಕ್ಷಿಸಲು ಬಯಲುಸೀಮೆಯ ಕಾವಲನ್ನು ಹುಡುಕಿಕೊಂಡು ಬಂದರು. ನಾವು ನಿನ್ನೆ ಕೊಂಡ ಬ್ಲೇಡನ್ನು ಇವತ್ತು ದಿಬ್ಬಣದ ತಲೆಯ ಮೇಲೆ ಪರೀಕ್ಷಿಸುವುದು ಸರಿಯಾ?

ಬ್ಲೇಡ್, ಮೋಟರ್, ಬ್ಯಾಟರಿ ಯಾವುದನ್ನು ಬದಲಾಯಿಸಿದರೂ ಮೊದಲು ಊರ ಹೊರಗಿನ ಖಾಲಿ ಜಾಗಕ್ಕೆ ಹೋಗಿ. ಡ್ರೋನನ್ನು ಎದೆಯ ಎತ್ತರಕ್ಕೆ ಏರಿಸಿ, ನೀವು ನಾಲ್ಕೈದು ಮೀಟರ್ ದೂರ ನಿಂತು 2 ನಿಮಿಷ ಸುಮ್ನೆ ಕೇಳಿಸಿಕೊಳ್ಳಿ. ಒಳ್ಳೆಯ ಡ್ರೋನಿನ ಸದ್ದು ಒಂದೇ ಶ್ರುತಿಯಲ್ಲಿರುತ್ತದೆ. ನಡುನಡುವೆ 'ವುಂ... ವುಂ...' ಅಂತ ಏರಿಳಿತ, ಸೀಟಿಯ ಹಾಗೆ ಸಣ್ಣ ಕಿರುಚು ಬಂದರೆ ಇಳಿಸಿ. ರಿಮೋಟಿನ ಸ್ಟಿಕ್ ಮುಟ್ಟದಿದ್ದರೂ ಮೂತಿ ಒಂದು ಕಡೆ ತಿರುಗುತ್ತಿದ್ದರೆ ಆಗಲೂ ಇಳಿಸಿ.

ಇಳಿಸಿ ಆಫ್ ಮಾಡಿದ ಕೂಡಲೇ ನಾಲ್ಕೂ ಮೋಟರನ್ನು ಬೆರಳಿನಿಂದ ಮುಟ್ಟಿ. ನಾಲ್ಕೂ ಬೆಚ್ಚಗಿದ್ದರೆ ಸರಿ. ಒಂದು ಮಾತ್ರ ಜಾಸ್ತಿ ಬಿಸಿ ಇದ್ದರೆ ಅಲ್ಲಿ ಏನೋ ಇದೆ. ಆಮೇಲೆ ಆ 2 ನಿಮಿಷದ ವಿಡಿಯೋ ನೋಡಿ. ಕಂಬ, ಮನೆಯ ಗೋಡೆಯಂಥ ನೆಟ್ಟಗಿನ ಗೆರೆಗಳು ಅಲೆಯಾಡಿದರೆ ಅದಕ್ಕೆ ಜೆಲ್ಲೋ ಅನ್ನುತ್ತಾರೆ. ನಡುಕ ಕ್ಯಾಮೆರಾವರೆಗೆ ಬಂದಿದೆ ಅಂತ ಅರ್ಥ. ಸೂಳೆಕೆರೆಯ ಹಿಂದಿನ ದಿನ ನಾನು ಕಂಡು ಬಿಟ್ಟದ್ದು ಇದನ್ನೇ.

ಎಲ್ಲ ಸರಿ ಇದ್ದರೆ ಒಂದು ಪೂರ್ತಿ ಬ್ಯಾಟರಿಯನ್ನು ಆ ಬಯಲಿನಲ್ಲೇ ಹಾರಿಸಿ ಮುಗಿಸಿ. ಜೋರಾಗಿ ಮುಂದೆ ಹೋಗಿ, ತಟ್ಟನೆ ನಿಲ್ಲಿಸಿ, ಏರಿಸಿ, ಇಳಿಸಿ. ಮುರಿಯುವುದಿದ್ದರೆ ಅಲ್ಲಿ ಮುರಿಯಲಿ. ಮನೆಗೆ ಬಂದು ಸ್ಕ್ರೂಗಳನ್ನು ಇನ್ನೊಮ್ಮೆ ಬೆರಳಲ್ಲಿ ನೋಡಿ. ಆಮೇಲೆ ಕೆಲಸಕ್ಕೆ ಒಯ್ಯಿರಿ. ಆಗಲೂ ಜನರ ನೆತ್ತಿಯ ಮೇಲೆ ಬೇಡ. ಪಕ್ಕದಿಂದ, ಓರೆಯಾಗಿ ತೆಗೆದರೂ ಚಿತ್ರ ಚೆನ್ನಾಗೇ ಬರುತ್ತದೆ. ದುಗ್ಗಮ್ಮನ ಜಾತ್ರೆ, ನಾಯಕನಹಟ್ಟಿ ತೇರಿನಂಥ ಕಡೆ ಕಾಲಿಡಲೂ ಜಾಗ ಇರುವುದಿಲ್ಲ. ಬೀಳುವ ಡ್ರೋನಿನಿಂದ ತಪ್ಪಿಸಿಕೊಂಡು ಓಡಲು ಅಲ್ಲಿ ಯಾರಿಗೂ ದಾರಿ ಇಲ್ಲ.

ಜೋಗಿಮಟ್ಟಿಯ ಕಡೆ ಹಾರಿಸುವವರು ಗಾಳಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಅಲ್ಲಿ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಿರುವುದು ಗಾಳಿ ಜೋರು ಅಂತಲೇ. ಗಾಳಿಗೆ ಎದುರಾಗಿ ನಿಲ್ಲಲು ಫ್ಯಾನುಗಳು ಇನ್ನೂ ಜೋರಾಗಿ ತಿರುಗಬೇಕು. ವೇಗ ಎರಡರಷ್ಟಾದರೆ ಬುಡದ ಎಳೆತ ನಾಲ್ಕರಷ್ಟಾಗುತ್ತದೆ. ಬಯಲಿನಲ್ಲಿ ತಡೆದುಕೊಂಡ ಬಿರುಕು ಗುಡ್ಡದ ಮೇಲೆ ತಡೆಯುವುದಿಲ್ಲ.

ಎಣ್ಣೆ ಹೊಡೆಯುವ ಡ್ರೋನಿನವರಿಗೆ

ಭದ್ರಾ ಅಚ್ಚುಕಟ್ಟಿನ ಭತ್ತ, ಮೆಕ್ಕೆಜೋಳ, ಚನ್ನಗಿರಿಯ ಅಡಿಕೆ ತೋಟ ಎಲ್ಲ ಕಡೆ ಈಗ ಸ್ಪ್ರೇ ಡ್ರೋನ್ ಬಂದಿದೆ. ನಮೋ ಡ್ರೋನ್ ದೀದಿ ಯೋಜನೆಯಲ್ಲಿ ಮಹಿಳಾ ಸ್ವಸಹಾಯ ಸಂಘಗಳಿಗೂ ಸಿಕ್ಕಿದೆ. ಈ ಯಂತ್ರಗಳ ಬ್ಲೇಡ್ ಮೊಳದುದ್ದಕ್ಕೆ ಹತ್ತಿರ. ಇದು ತಗುಲಿದರೆ ಕೈಯೇ ಹೋಗುತ್ತದೆ. ಬ್ಯಾಟರಿ ಕೀಳದೆ ಯಾರೂ ಬ್ಲೇಡ್ ಮುಟ್ಟಬಾರದು, ಒರೆಸಲೂ ಬಾರದು.

ಇಲ್ಲಿ ನೋಡಬೇಕಾದ ಜಾಗ ಎರಡು ಬ್ಲೇಡುಗಳನ್ನು ನಡುವೆ ಹಿಡಿದಿರುವ ಕ್ಲಾಂಪು. ಅದರ ಬೋಲ್ಟು, ಮತ್ತು ಬ್ಲೇಡಿನ ಮೇಲೆ ಕೆಳಗೆ ಇರುವ ತೆಳು ವಾಷರ್. ವಾಷರ್ ಸವೆದರೆ ಬ್ಲೇಡ್ ಲೊಡಲೊಡ ಅನ್ನುತ್ತದೆ. ಹಾರ್ಡ್‌ವೇರ್ ಅಂಗಡಿಯ ವಾಷರ್ ಹಾಕಬೇಡಿ, ದಪ್ಪ ಹೊಂದುವುದಿಲ್ಲ. ಬೋಲ್ಟಿನ ತಲೆ ಮತ್ತು ಕ್ಲಾಂಪಿನ ಮೇಲೆ ಪೇಂಟ್ ಪೆನ್ನಿನಿಂದ ಅಡ್ಡಲಾಗಿ ಒಂದು ಗೆರೆ ಎಳೆದಿಡಿ. ಬೋಲ್ಟ್ ಒಂದು ಚೂರು ತಿರುಗಿದರೂ ಗೆರೆ ತುಂಡಾಗಿ ಕಾಣುತ್ತದೆ. ಪ್ರತಿ ಸಲ ಬ್ಯಾಟರಿ ಬದಲಾಯಿಸುವಾಗ ಆ ಗೆರೆಗಳನ್ನು ಒಂದು ಸುತ್ತು ನೋಡಿ.

ಕಾರ್ಬನ್ ಬ್ಲೇಡಿನ ಒಳಪದರ ಬಿಟ್ಟುಕೊಂಡರೆ ಹೊರಗೆ ಕಾಣುವುದಿಲ್ಲ. ಒಂದು ನಾಣ್ಯ ತೆಗೆದುಕೊಂಡು ಬ್ಲೇಡಿನ ಉದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಇರುವ ಕಡೆ 'ಟಣ್' ಅನ್ನುತ್ತದೆ. ಪದರ ಬಿಟ್ಟ ಕಡೆ ಸದ್ದು ಮಂದವಾಗಿ 'ಟಪ್' ಅನ್ನುತ್ತದೆ. ತೆಂಗಿನಕಾಯಿ ತಟ್ಟಿ ನೋಡುವ ಕಿವಿ ಇದ್ದವರಿಗೆ ಇದು ಕಷ್ಟವಲ್ಲ. ಮಂದ ಸದ್ದು ಬಂದ ಬ್ಲೇಡನ್ನು ಎಪಾಕ್ಸಿ ಅಂಟು ಹಾಕಿ ಸರಿ ಮಾಡುವ ಆಸೆ ಬಿಟ್ಟುಬಿಡಿ.

ಮೆಕ್ಕೆಜೋಳ ಎತ್ತರ ಬೆಳೆದಾಗ ಸೂಲಂಗಿಗೆ ಬ್ಲೇಡ್ ತಾಗುತ್ತದೆ. ಮೆತ್ತಗಿನ ಗಿಡ, ಏನಾಗುತ್ತದೆ ಅಂತ ಬಿಡಬೇಡಿ. ತಾಗಿದ ಸದ್ದು ಕೇಳಿದರೆ ಇಳಿಸಿ ನೋಡಿ. ಸಂಜೆ ಕೆಲಸ ಮುಗಿದ ಮೇಲೆ ಬ್ಲೇಡುಗಳ ಮೇಲೆ ಅಂಟಿದ ಔಷಧಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಒಣಗಿ ಗಟ್ಟಿಯಾದ ಪದರದಿಂದ ತೂಕವೂ ಕೆಡುತ್ತದೆ, ಬಿರುಕೂ ಮುಚ್ಚಿಹೋಗುತ್ತದೆ. ಕೈಗವಸು ಹಾಕಿಕೊಳ್ಳಿ. ಈ ಡ್ರೋನುಗಳಿಗೆ ತಯಾರಕರು ಕೊಟ್ಟ ಬಿಡಿಭಾಗ ಬಿಟ್ಟು ಬೇರೆ ಹಾಕಿಸಿದರೆ ವಾರಂಟಿ, ವಿಮೆ ಕೇಳುವಾಗ ತಕರಾರು ಬರುತ್ತದೆ. ಬಿಲ್ಲುಗಳನ್ನು ಜೋಪಾನವಾಗಿಡಿ.

ಫ್ಯಾನು ಬಿಟ್ಟು ಬೇರೆ ಭಾಗಗಳು

ಹೊರಗಿನ ಬ್ಯಾಟರಿಗಳಲ್ಲಿ ನಾನು ಮುಖ್ಯವಾಗಿ ನೋಡುವುದು ಲಾಕ್. 'ಕ್ಲಿಕ್' ಅಂತ ಕೂತು, ಎಳೆದರೂ ಅಲುಗಬಾರದು. ಉಬ್ಬಿದ ಬ್ಯಾಟರಿ ತನ್ನ ಗೂಡಿನಿಂದ ತಾನೇ ಹೊರಗೆ ತಳ್ಳಿಕೊಳ್ಳುತ್ತದೆ, ನಡುಕಕ್ಕೆ ಸಂಪರ್ಕ ತಪ್ಪಿದರೆ ನಾಲ್ಕೂ ಮೋಟರ್ ಒಟ್ಟಿಗೆ ನಿಲ್ಲುತ್ತವೆ. ಪ್ರೊಪೆಲ್ಲರ್ ಗಾರ್ಡ್ ಹಾಕಿದರೆ ಬ್ಲೇಡನ್ನು ಕೈಯಲ್ಲಿ ಪೂರ್ತಿ ಒಂದು ಸುತ್ತು ತಿರುಗಿಸಿ, ಎಲ್ಲೂ ತಾಗಬಾರದು. ಗಾರ್ಡಿಗೆ ಗಾಳಿ ಹಿಡಿಯುತ್ತದೆ, ಬಯಲಿನಲ್ಲಿ ಅದು ಅಷ್ಟು ಒಳ್ಳೆಯದಲ್ಲ.

ಕಾಲು ಎತ್ತರಿಸುವ ಪ್ಲಾಸ್ಟಿಕ್, ಮಿಣುಕು ದೀಪ, ಸ್ಟಿಕ್ಕರ್, ಇವೆಲ್ಲ ಸೇರಿದರೆ ಇನ್ನೊಂದು ತೊಂದರೆ. ಭಾರತದ ಡ್ರೋನ್ ನಿಯಮ 2021ರ ಪ್ರಕಾರ 250 ಗ್ರಾಂವರೆಗಿನದು ನ್ಯಾನೋ. ಅದಕ್ಕಿಂತ ಜಾಸ್ತಿ, 2 ಕೆಜಿವರೆಗೆ ಮೈಕ್ರೋ. 249 ಗ್ರಾಂ ಡ್ರೋನಿಗೆ ಒಂದು ಸಣ್ಣ ದೀಪ ಅಂಟಿಸಿದರೂ ಅದು ಮೈಕ್ರೋ ಆಗುತ್ತದೆ, ನಿಯಮಗಳೂ ಬದಲಾಗುತ್ತವೆ. ಮೋಟರುಗಳಿಗೂ ಅಷ್ಟು ಹೆಚ್ಚು ದುಡಿಮೆ.

ಪುಸ್ತಕ ಇಡಿ

ಒಂದು 20 ಪುಟದ ನೋಟ್‌ಬುಕ್ ಸಾಕು. ಯಾವ ತೋಳಿಗೆ ಯಾವ ದಿನ ಯಾವ ಬ್ಲೇಡ್ ಹಾಕಿದೆ, ಎಲ್ಲಿಂದ ತಂದೆ, ಎಷ್ಟು ಹಾರಾಟ ಆಯಿತು, ಎಲ್ಲಿ ಏನು ತಗುಲಿತು. ಏನಾದರೂ ತಗುಲಿದರೆ ಆ ಜೋಡಿ ಅವತ್ತೇ ಹೊರಗೆ. ಏನೂ ತಗುಲದಿದ್ದರೂ ನಾನು ಮದುವೆ ಸೀಸನ್ ಶುರುವಾಗುವ ಮುಂಚೆ ಎಲ್ಲವನ್ನೂ ಹೊಸದು ಮಾಡುತ್ತೇನೆ. ತೆಗೆದ ಬ್ಲೇಡನ್ನು ಕತ್ತರಿಸಿ ಬಿಸಾಡಿ. ಹಾಗೇ ಬ್ಯಾಗಿನಲ್ಲಿಟ್ಟರೆ ಅರ್ಜೆಂಟಿನಲ್ಲಿ ನೀವೇ ಅದನ್ನು ಮತ್ತೆ ಹಾಕುತ್ತೀರಿ.

ಬಿದ್ದ ಮೇಲೆ

ಮೊದಲು ಮನುಷ್ಯರನ್ನು ನೋಡಿ. ಆಮೇಲೆ ಡ್ರೋನ್. ಮೋಟರ್ ಇನ್ನೂ ತಿರುಗುತ್ತಿದ್ದರೆ ರಿಮೋಟಿನಿಂದ ನಿಲ್ಲಿಸಿ, ಕೈ ಹಾಕಬೇಡಿ. ಬ್ಯಾಟರಿ ತೆಗೆಯಿರಿ. ಅದು ಜಜ್ಜಿದ್ದರೆ ಕಾರಿನೊಳಗೆ ಇಡಬೇಡಿ, ಬೆಂಕಿ ಹತ್ತಬಹುದು. ಹುಲ್ಲಿಲ್ಲದ ಬರಿ ನೆಲದ ಮೇಲೆ ದೂರ ಇಟ್ಟು ಕಾಯಿರಿ. ಇನ್ನೊಮ್ಮೆ ಆನ್ ಮಾಡಿ ನೋಡುವ ಆತುರ ಬೇಡ. ಅಪಘಾತ ಆದರೆ 48 ಗಂಟೆಯೊಳಗೆ ಸರ್ಕಾರದ ಆನ್‌ಲೈನ್ ತಾಣದ ಮೂಲಕ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯಕ್ಕೆ (ಡಿಜಿಸಿಎ) ತಿಳಿಸಬೇಕು ಅಂತ ನಿಯಮ ಇದೆ.

ಬಿದ್ದ ಜಾಗದ ಫೋಟೋ ತೆಗೆದು ಚೂರುಗಳನ್ನೆಲ್ಲ ಹುಡುಕಿ. ಬಿದ್ದ ಕಡೆಯಿಂದ ದೂರ, ಹಾರಿಬಂದ ದಾರಿಯಲ್ಲೂ ಹುಡುಕಿ. ಗಾಳಿಯಲ್ಲೇ ಮುರಿದ ತುಂಡು ಅಲ್ಲೆಲ್ಲೋ ಬಿದ್ದಿರುತ್ತದೆ. ಬ್ಲೇಡಿನ ತುದಿ, ಅಂಚು ಜಜ್ಜಿ ಮುರಿದಿದ್ದರೆ ಅದು ಹೆಚ್ಚಾಗಿ ನೆಲಕ್ಕೆ ಬಡಿದಾಗ ಆದದ್ದು. ಬ್ಲೇಡ್ ನೆಟ್ಟಗಿದ್ದು ಬುಡ ಬಿಳಿಚಿ ಕಿತ್ತಿದ್ದರೆ ಗಾಳಿಯಲ್ಲೇ ಮುರಿದಿರಬಹುದು. ಬ್ಲೇಡೂ ಬುಡವೂ ಸರಿ ಇದ್ದು ಸ್ಕ್ರೂ ಮಾತ್ರ ಇಲ್ಲದಿದ್ದರೆ ಸ್ಕ್ರೂ ಸಡಿಲ ಆಗಿ ಬಿದ್ದಿದೆ. ಆಗ ಮೋಟರಿನ ತೂತಿನೊಳಗೆ ಟಾರ್ಚ್ ಬಿಟ್ಟು ಥ್ರೆಡ್ ಉಳಿದಿದೆಯಾ ನೋಡಿ.

ನಾನು ಸೂಳೆಕೆರೆಯಲ್ಲಿ ಮುಕ್ಕಾಲು ಗಂಟೆ ಹುಡುಕಿದೆ. ಆ ಹುಡುಗನೂ ಪ್ಯಾಂಟು ಮಡಚಿಕೊಂಡು ನನ್ನ ಜೊತೆ ಹುಡುಕಿದ. ಬ್ಲೇಡ್ ಸಿಕ್ಕಿದ್ದು ಅವನಿಗೇ, ಡ್ರೋನ್ ಬಿದ್ದ ಕಡೆಯಿಂದ ಹದಿನೈದು ಹೆಜ್ಜೆ ಹಿಂದೆ, ಏರಿಯ ಇಳಿಜಾರಿನ ಹುಲ್ಲಿನಲ್ಲಿ. ಕವರಿನ ಮೇಲೆ ತಾರೀಖು ಬರೆದಿಟ್ಟಿದ್ದೇನೆ. ಹೊಸ ಬ್ಲೇಡ್ ಹಾಕುವಾಗಲೆಲ್ಲ ಅದನ್ನು ತೆಗೆದು ಪಕ್ಕದಲ್ಲಿಟ್ಟುಕೊಂಡು, ಬುಡವನ್ನು ಹೋಲಿಸಿ ನೋಡುತ್ತೇನೆ.